ನಮ್ಮ ಬೀದಿಯ ದೀಪ, ಕನ್ಯಾರಾಶಿಯ ಚುಕ್ಕೆ

ಮಾರ್ಚ್ 8, 1965, ಸೋಮವಾರ

ಎದುರುಮನೆಯ ಮೀನಾಕ್ಷಮ್ಮ ಬೆಳಿಗ್ಗೆ ಕಾಫಿಯ ಹೊತ್ತಿಗೆ ಸರಿಯಾಗಿ ಒಂದು ಅರ್ಜಿ ಹಿಡಿದುಕೊಂಡು ಬಂದರು. ನಮ್ಮ ಬೀದಿಗೆ ದೀಪ ಬೇಕಂತೆ. ಜಯನಗರದ ಉಳಿದ ಬೀದಿಗಳೆಲ್ಲ ಝಗಝಗ ಅನ್ನುತ್ತಿವೆಯಂತೆ, ನಮ್ಮದೊಂದೇ ಹಾಳೂರಿನ ಹಾಗಿದೆಯಂತೆ. ಕಂಬ ಎಲ್ಲಿ ನೆಡಬೇಕೆಂಬುದನ್ನೂ ಇವರೇ ತೀರ್ಮಾನಿಸಿ ಆಗಿದೆ. ನಮ್ಮ ಕಾಂಪೌಂಡಿನ ಮೂಲೆಗೆ!

ಸಹಿ ಹಾಕುವುದಿಲ್ಲ ಎಂದೆ.

“ಬೀದೀಲಿ ಎಲ್ರೂ ಹಾಕಿದಾರಲ್ಲ ಮೇಷ್ಟ್ರೇ. ನಿಮಗೊಬ್ರಿಗೇನು ಕಷ್ಟ?”

“ಬಸವನಗುಡಿ ಬಿಟ್ಟು ಈ ಬಯಲಿಗೆ ಬಂದು ನಾನು ಮನೆ ಕಟ್ಟಿಸಿದ್ದೇ ಕತ್ತಲೆಗೋಸ್ಕರ ಕಣಮ್ಮ.”

ನಂಬಲಿಲ್ಲ. ತಾರಸಿಗೆ ಕರೆದುಕೊಂಡು ಹೋಗಿ ದೂರದರ್ಶಕ ತೋರಿಸಿದೆ. ಹತ್ತಂಗುಲದ ಕನ್ನಡಿ. ಹಡಗಿನ ಕಿಟಕಿಯ ದಪ್ಪ ಗಾಜನ್ನು ಮದ್ರಾಸಿನಿಂದ ತಂದು, ಕಾಲೇಜಿನ ಪಾಠ ಮುಗಿಸಿ ಬಂದು ಬಂದು, ಎರಡು ವರ್ಷ ನಾನೇ ಉಜ್ಜಿ ಮಾಡಿದ್ದು. ಇದರಲ್ಲಿ ಕನ್ಯಾರಾಶಿಯ ಗ್ಯಾಲಕ್ಸಿಗಳ ಗುಂಪನ್ನು ನೋಡಿದ್ದೇನೆ ಎಂದೆ. ಒಂದೊಂದೂ ನಮ್ಮ ಆಕಾಶಗಂಗೆಯಂಥದ್ದೇ, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಕಾಣುತ್ತವೆ. ಅವುಗಳಿಗಿಂತ ಎಷ್ಟೋ ಆಚೆ, ಅದೇ ದಿಕ್ಕಿನಲ್ಲಿ, ಒಂದು ಚುಕ್ಕೆ ಇದೆ. ನಕ್ಷತ್ರದ ಹಾಗೆ ಕಾಣುತ್ತದೆ, ನಕ್ಷತ್ರವಲ್ಲ. ಏನೆಂದು ಲೋಕದಲ್ಲಿ ಯಾರಿಗೂ ಇನ್ನೂ ಸರಿಯಾಗಿ ಗೊತ್ತಿಲ್ಲ, ಕ್ವಾಸಾರ್ ಎಂದು ಹೆಸರಿಟ್ಟಿದ್ದಾರೆ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ತಲುಪಲು ಇನ್ನೂರು ಕೋಟಿ ವರ್ಷ ಬೇಕು. ನನ್ನ ಕನ್ನಡಿಗೆ ಅದು ಸಿಗುತ್ತದೆ, ಕತ್ತಲೆ ಮಾತ್ರ ಇರಬೇಕು.

ಆಕೆ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ್ದಿಷ್ಟು: “ಇನ್ನೂರು ಕೋಟಿ ವರ್ಷದಿಂದ ಬರ್ತಿರೋದು ಎಲ್ಲೂ ಓಡ್ಹೋಗಲ್ಲ ಬಿಡಿ. ನನ್ನ ಮಗಳು ದಿನಾ ಆ ಗುಂಡಿಗಳ ಪಕ್ಕ ಕತ್ತಲಲ್ಲಿ ನಡ್ಕೊಂಡು ಬರ್ಬೇಕು.”

ಮಗಳು ಜಯಶೀಲಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದಾಳೆ. ತಂದೆ ಇಲ್ಲ, ಇವಳ ಸಂಬಳವೇ ಮನೆಗೆ ಆಧಾರ. ಕತ್ತಲಾದ ಮೇಲೆ ಬಸ್ಸಿಳಿದು ಬರುತ್ತಾಳೆ. ದಾರಿಯುದ್ದಕ್ಕೂ ನೀರಿನ ಪೈಪಿಗೆಂದು ಗುಂಡಿ ತೋಡಿಟ್ಟಿದ್ದಾರೆ. ಎಲ್ಲ ಸರಿ. ಒಂದು ಟಾರ್ಚು ಕೊಂಡುಕೊಂಡರೆ ಸಾಲದೆ? ಒಬ್ಬ ಹುಡುಗಿಯ ಎರಡು ಕಾಲಿಗೋಸ್ಕರ ಇಡೀ ಆಕಾಶಕ್ಕೆ ಸುಣ್ಣ ಬಳಿಯಬೇಕೆ?

ಅಮ್ಮಣ್ಣಿ ಆಕೆಗೆ ಕಾಫಿ ಕೊಟ್ಟು ಕಳಿಸಿದಳು. ನನ್ನ ಹೆಂಡತಿಗೆ ಶತ್ರುಪಕ್ಷಕ್ಕೆ ಕಾಫಿ ಕೊಡುವ ಚಾಳಿ ಮೊದಲಿನಿಂದಲೂ ಇದೆ.

ಮಾರ್ಚ್ 28, ಭಾನುವಾರ

ಮೂರು ಸಂಜೆ ಆಕಾಶ ತೊಳೆದಿಟ್ಟಂತಿತ್ತು. ಕ್ವಾಸಾರ್ ಹಾಳಾಗಲಿ, ಐವತ್ತೆಂಟರಲ್ಲಿ ಇದೇ ತಾರಸಿಯಿಂದ ನೋಡಿದ ಗ್ಯಾಲಕ್ಸಿಗಳೂ ಕಾಣಲಿಲ್ಲ. ಗುಂಪಿಗೆ ಗುಂಪೇ ಮಾಯ. ಎಲ್ಲವೂ ಹಾಲಿನಲ್ಲಿ ಅದ್ದಿದ ಹಾಗೆ.

ಕನ್ನಡಿಗೆ ಹಾಕಿದ ಬೆಳ್ಳಿಯದೇ ತಪ್ಪು. ಕನ್ನಡಿ ಬಿಚ್ಚಿ, ಬಟ್ಟೆ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಚಿಕ್ಕಪೇಟೆಗೆ ಹೋದೆ. ಕನ್ನಡಿಗಳಿಗೆ ಬೆಳ್ಳಿ ಹಾಕುವ ಶಾಮಣ್ಣ ಹೋದ ದೀಪಾವಳಿಯಲ್ಲಿ ಹಾಕಿಕೊಟ್ಟದ್ದು.

“ಏನಯ್ಯ ಇದು? ಆರು ತಿಂಗಳಿಗೇ ಮಂಕಾಗಿದೆಯಲ್ಲ!”

ಅವನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದ. “ಎಲ್ಲಿ ಸಾರ್ ಮಂಕು? ಮುಖ ನೋಡ್ಕೊಳ್ಳಿ.”

“ನೋಡಿಕೊಂಡೇ ಹೇಳ್ತಿರೋದು. ಒಲೆ ಮುಂದೆ ಕೂತ ಹಾಗೆ ಕಾಣ್ತೀನಿ.”

“ವಯಸ್ಸಾಯ್ತಲ್ಲ ಸಾರ್,” ಎಂದು ಹಲ್ಲು ಕಿರಿದ. ಅವನಿಗೆ ನಾನು ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅಂತೂ ಇನ್ನೊಂದು ಸಲ ಹಾಕಿಕೊಡಲು ಒಪ್ಪಿದ. ಈ ಕಾಲದಲ್ಲಿ ಬೆಳ್ಳಿಗೂ ನಿಯತ್ತಿಲ್ಲ.

ಏಪ್ರಿಲ್ 4, ಭಾನುವಾರ

ಹಬ್ಬ ಮುಗಿಯುತ್ತಿದ್ದಂತೆ ಕಂಬ ಬಂತು. ನನ್ನ ಸಹಿ ಇಲ್ಲದೆಯೇ! ನಾಲ್ಕು ಜನ ಹಾಡುತ್ತ ಅಗೆದು, ನಿಲ್ಲಿಸಿ, ಮಣ್ಣು ತುಳಿದು ಹೋದರು. ನಾನು ಕಾಂಪೌಂಡಿನೊಳಗೆ ನಿಂತು ಇಂಗ್ಲಿಷಿನಲ್ಲಿ ಬೈದೆ. ಅವರಿಗೆ ಕನ್ನಡವೂ ಬರುವುದಿಲ್ಲವೆಂದು ಆಮೇಲೆ ತಿಳಿಯಿತು.

ಪೇಪರಿನವರಿಗೂ ಬರೆಯಬೇಕು. ಬರಬರುತ್ತ ಬೂದಿ ಕಲಸಿ ಅಚ್ಚು ಹಾಕುತ್ತಿದ್ದಾರೆ. ಕಿಟಕಿಯ ಹತ್ತಿರ ಹಿಡಿದರೂ ಅಕ್ಷರ ಒಂದರ ಮೇಲೊಂದು ಬಿದ್ದಿರುತ್ತವೆ.

“ಓದಿ ಹೇಳ್ಲೇನ್ರೀ?” ಎಂದಳು ಅಮ್ಮಣ್ಣಿ.

“ಯಾಕೆ, ನನಗೇನಾಗಿದೆ?”

“ಏನಿಲ್ಲ. ಸುಮ್ನೆ.”

ಊಟದಲ್ಲಿ ಕಲ್ಲು ಸಿಕ್ಕಿತು. ರೇಷನ್ ಅಕ್ಕಿ ಆರಿಸಿದವನು ನಾನೇ, ಬೆಳಿಗ್ಗೆಯೆಲ್ಲ ಕೂತು. ಕಲ್ಲನ್ನು ಅಕ್ಕಿಯ ಬಣ್ಣಕ್ಕೇ ಹುಡುಕಿ ತಂದು ಬೆರೆಸುತ್ತಾರೆ, ಖದೀಮರು.

ಏಪ್ರಿಲ್ 22, ಗುರುವಾರ

ದೀಪ ಹತ್ತಿತು.

ಬೀದಿಯ ಹೆಂಗಸರು ಅರಿಶಿನ ಕುಂಕುಮ ಹಚ್ಚಿ ಕಂಬಕ್ಕೆ ಪೂಜೆ ಮಾಡಿದರು! ಅಮ್ಮಣ್ಣಿಯೂ ಹೋಗಿ ಚರುಪು ಈಸಿಕೊಂಡು ಬಂದಳು. ನಾನು ಮುಟ್ಟಲಿಲ್ಲ. ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿದ್ದಾರೆ. ಸಂಜೆ ಒಬ್ಬ ಸೈಕಲ್ಲಿನಲ್ಲಿ ಬಂದು ಬೀಗ ತೆಗೆದು ದೀಪ ಹಾಕುತ್ತಾನೆ, ಬೆಳಿಗ್ಗೆ ಬಂದು ಆರಿಸುತ್ತಾನೆ.

ನೂರು ಕ್ಯಾಂಡಲಿನ ಬಲ್ಬು. ಅದೂ ಎಂಥದೋ ಕಳಪೆ ಮಾಲು. ಬೆಳಕಿನ ಸುತ್ತ ಬಣ್ಣಬಣ್ಣದ ಬಳೆ ಕಟ್ಟಿಕೊಂಡಿದೆ. ತಾರಸಿಗೆ ಹೋದರೆ ಆ ಬಳೆ ಕಣ್ಣಿನೊಳಗೇ ಬಂದು ಕೂರುತ್ತದೆ.

“ನೋಡು, ಹೊರಗೆ ಕೆಂಪು, ಒಳಗೆ ಹಸಿರು. ಗಾಜು ಸರಿಯಿಲ್ಲ.”

ಅಮ್ಮಣ್ಣಿ ತುಂಬ ಹೊತ್ತು ನೋಡಿದಳು. “ನನಗೆ ಬರೀ ದೀಪ ಕಾಣ್ಸುತ್ತೆ.”

ನೋಡುವುದೆಂದರೇನು ಎಂದು ಇವಳಿಗೆ ಕಲಿಸಿದವರೇ ಇಲ್ಲ. ಇವಳು ಹನ್ನೆರಡು ವರ್ಷದಲ್ಲಿ ಒಂದು ಸಲವೂ ದೂರದರ್ಶಕಕ್ಕೆ ಕಣ್ಣಿಟ್ಟವಳಲ್ಲ.

“ಆ ದರಿದ್ರ ದೀಪವೊಂದು ಇಲ್ಲದಿದ್ದರೆ ಇವತ್ತೇ ಹಿಡಿದುಬಿಡ್ತಿದ್ದೆ,” ಎಂದೆ. ನಾಲ್ಕಾರು ಸಲ ಹೇಳಿದ್ದಿರಬೇಕು. ಅವಳು “ಹೂಂ” ಎಂದಳು.

ಏಪ್ರಿಲ್ 27, ಮಂಗಳವಾರ

ಯಾರೋ ದೀಪ ಒಡೆದಿದ್ದಾರೆ. ಬೆಳಿಗ್ಗೆ ಬೀದಿಯ ತುಂಬ ಗಾಜು.

ಮೀನಾಕ್ಷಮ್ಮ ನಮ್ಮ ಗೇಟಿನ ಮುಂದೆ ನಿಂತು, ಇಡೀ ಬ್ಲಾಕಿಗೆ ಕೇಳುವ ಹಾಗೆ: “ಓದಿದೋರು ಮಾಡೋ ಕೆಲ್ಸಾನಾ ಇದು? ನಾಚ್ಕೆ ಆಗ್ಬೇಕು!”

“ನಾನು ಒಡೆದದ್ದನ್ನು ನೋಡಿದೆಯೇನಮ್ಮ ನೀನು?”

“ನೋಡ್ಬೇಕಾ? ಇನ್ಯಾರಿಗೆ ಬೇಕಾಗಿತ್ತು ಕತ್ಲೆ?”

ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಒಬ್ಬ ಹುಡುಗನನ್ನೂ ಸಾಕ್ಷಿಯಿಲ್ಲದೆ ಬೆಂಚಿನ ಮೇಲೆ ನಿಲ್ಲಿಸಿದವನಲ್ಲ. ಈಗ ಬೀದಿಯಲ್ಲಿ ನನ್ನನ್ನೇ ನಿಲ್ಲಿಸಿದರು. ಅಮ್ಮಣ್ಣಿ ಒಳಗೆ ಕರೆದುಕೊಂಡು ಬಂದಳು.

ಆದರೆ ಒಡೆದವನು ಯಾರೇ ಆಗಲಿ, ಅವನ ಹೊಟ್ಟೆ ತಣ್ಣಗಿರಲಿ. ಸಂಜೆ ತಾರಸಿಗೆ ಹೋದೆ. ಕತ್ತಲೆ ವಾಪಸು ಬಂದಿತ್ತು, ಹಳೆಯ ಜಯನಗರದ ಕತ್ತಲೆ. ಚಂದ್ರನಿಲ್ಲ, ಮೋಡವಿಲ್ಲ, ಕನ್ನಡಿಗೆ ಹೊಸ ಬೆಳ್ಳಿ. ಕನ್ಯಾರಾಶಿಯ ಕಡೆಗೆ ನನ್ನ ಕೈಗೆ ದಾರಿ ಗೊತ್ತು, ನಕ್ಷೆಯೇ ಬೇಕಿಲ್ಲ. ಅಳತೆಯ ಚಕ್ರಗಳನ್ನು ಸರಿಯಾದ ಗುರುತಿಗೆ ತಿರುಗಿಸಿ ಕಣ್ಣಿಟ್ಟೆ.

ಏನೂ ಇಲ್ಲ. ಎರಡು ದೊಡ್ಡ ನಕ್ಷತ್ರ, ಅವೂ ಕಲಸಿದ ಹಾಗೆ.

ದಕ್ಷಿಣಕ್ಕೆ ಇಟ್ಟಿಗೆ ಗೂಡು ಹಚ್ಚಿದ್ದಾರೆ. ಹೊಗೆ. ಹೊಗೆಯೇ ಇರಬೇಕು.

ಕೆಳಗೆ ಬಂದಾಗ ಅಮ್ಮಣ್ಣಿ ಮೆಟ್ಟಿಲಿನ ಹತ್ತಿರ ನಿಂತಿದ್ದಳು. “ಕಾಣ್ಸ್ತಾ?”

“ಹೊಗೆ,” ಎಂದೆ.

ಅವಳ ಮುಖ ಯಾಕೋ ಇಳಿದುಹೋಯಿತು. ಇವಳಿಗೇನು ಇದರಲ್ಲಿ ಅಷ್ಟು ಆಸೆ?

ಏಪ್ರಿಲ್ 29, ಗುರುವಾರ

ನಿನ್ನೆ ಸಂಜೆ ಜಯಶೀಲಾ ಗುಂಡಿಗೆ ಬಿದ್ದಳು. ನಮ್ಮ ಕಾಂಪೌಂಡಿನ ಪಕ್ಕದ್ದೇ, ಕಂಬದಿಂದ ಹತ್ತು ಮಾರು. ಎಡಗೈ ಮಣಿಕಟ್ಟು ಮುರಿದಿದೆ. ಎಕ್ಸ್‌ಚೇಂಜಿನಲ್ಲಿ ಎರಡೂ ಕೈಯಲ್ಲಿ ವೈರು ಸಿಕ್ಕಿಸುವ ಕೆಲಸ, ಅದೂ ಇನ್ನೂ ಖಾಯಂ ಆಗಿಲ್ಲ. ಮೀನಾಕ್ಷಮ್ಮ ಈ ಸಲ ಕೂಗಾಡಲಿಲ್ಲ. ಬಾಗಿಲು ಹಾಕಿಕೊಂಡು ಒಳಗಿದ್ದಾರೆ.

ಅಮ್ಮಣ್ಣಿ ಬೆಳಿಗ್ಗೆಯಿಂದ ಊಟ ಮಾಡಲಿಲ್ಲ. ಮಧ್ಯಾಹ್ನ ನಾನು ರೇಗಿದೆ. ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಸೆರಗಿನ ತುದಿ ಹಿಂಡುತ್ತ ಹೇಳಿದಳು.

“ದೀಪ ಒಡ್ದಿದ್ದು ನಾನು.”

ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದುಕೊಂಡೆ.

“ತಾರಸಿ ಮೇಲಿಂದ. ನುಗ್ಗೇಕಾಯಿ ಕೀಳೋ ದೋಟೀಲಿ. ನೀವು ಸ್ನಾನಕ್ಕೆ ಹೋಗಿದ್ರಲ್ಲ, ಮಂಗಳವಾರ ಬೆಳಗಿನ ಜಾವ. ಕೈ ಎಟುಕ್ತು.”

“ನಿನಗೇನು ಹುಚ್ಚು ಹಿಡಿದಿತ್ತಾ!”

“ನೀವೇ ಅಂದ್ರಲ್ಲ, ಅದೊಂದು ಇಲ್ದಿದ್ರೆ ಕಾಣ್ಸುತ್ತೆ ಅಂತ. ದಿನಾ ಸಿಟ್ಟು, ದಿನಾ ಊಟ ಬಿಡೋದು. ಒಂದ್ಸಲ ಕಂಡ್ಬಿಟ್ರೆ ಸರಿಹೋಗುತ್ತೆ ಅಂದ್ಕೊಂಡೆ.” ಆಮೇಲೆ ಕಣ್ಣೆತ್ತಿ, “ದೀಪ ಇಲ್ದೇನೂ ಕಾಣಿಸ್ಲಿಲ್ವಲ್ರೀ,” ಎಂದಳು.

ಮೂವತ್ತೈದು ವರ್ಷದ ಸಂಸಾರದಲ್ಲಿ ಇವಳು ಒಂದು ಲೋಟ ಒಡೆದವಳಲ್ಲ. ಕಿರುಚಬೇಕೆಂದು ಬಾಯಿ ತೆರೆದೆ. ಹಾಗೆಯೇ ಎದ್ದು ಬಿಸಿಲಿನಲ್ಲಿ ತಾರಸಿಗೆ ಹೋಗಿ ಕೂತೆ.

ಸಂಜೆ, “ನಾಳೆ ಹೋಗಿ ಮೀನಾಕ್ಷಮ್ಮನಿಗೆ ಹೇಳ್ಬಿಡ್ತೀನಿ,” ಎಂದಳು. ಆ ಹೆಂಗಸು ಇವಳನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವುದನ್ನು ನೆನೆಸಿಕೊಂಡೆ.

ಏಪ್ರಿಲ್ 30, ಶುಕ್ರವಾರ

ಅವಳು ಏಳುವ ಮೊದಲೇ ಹೋಗಿ, ಒಡೆದದ್ದು ನಾನೇ ಎಂದು ಮೀನಾಕ್ಷಮ್ಮನಿಗೆ ಹೇಳಿ ಬಂದೆ. ಬೈದರು. ಬೈಯಲಿ.

ನನಗೆ ಉರಿಯುವುದು ಅದಕ್ಕಲ್ಲ. ಇಡೀ ಬೀದಿಯಲ್ಲಿ ಒಬ್ಬನೇ ಒಬ್ಬನಾದರೂ, “ಛೆ, ಮೇಷ್ಟ್ರು ಅಂಥೋರಲ್ಲ” ಎನ್ನಬೇಡವೆ? ಒಂದು ಗಳಿಗೆಯೂ ಅನುಮಾನಪಡದೆ ನಂಬಿದರು! ಹಾಲಿನವನೂ ನಂಬಿದ.

ಅಮ್ಮಣ್ಣಿ ವಿಷಯ ತಿಳಿದು ಅತ್ತಳು. ಹೆಂಗಸರ ಅಳು ನನಗಾಗುವುದಿಲ್ಲ. “ಹೋಗಿ ಬೇರೆ ಏನಾದರೂ ಹೇಳಿದೆಯೋ, ಜೋಕೆ,” ಎಂದೆ.

ಮೇ 17, ಸೋಮವಾರ

ಬಹಳ ದಿನವಾಯಿತು ಬರೆದು. ಮಳೆ, ಗುಡುಗು, ಮೋಡ.

ಹೊಸ ಬಲ್ಬು ಇನ್ನೂ ಬಂದಿಲ್ಲ. ಜಯಶೀಲಾ ಕೈಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದಾಳೆ. ವಿಚಾರಣೆಯ ಮೇಜಿನಲ್ಲಿ ಕೂರಿಸಿದ್ದಾರಂತೆ. ಕತ್ತಲಲ್ಲಿ ಇನ್ನೊಂದು ಕೈಯೂ ಮುರಿದುಕೊಂಡರೆ ಅದೂ ನನ್ನ ತಲೆಗೇ ಬರುತ್ತದೆ. ಆದ್ದರಿಂದ ಸಂಜೆ ಟಾರ್ಚು ಹಿಡಿದು ಬಸ್ ಸ್ಟಾಪಿಗೆ ಹೋಗಿ ಕರೆತರುತ್ತೇನೆ. ಮೊದಲ ದಿನ ಅವಳು ನನ್ನ ಪಕ್ಕ ಬರಲಿಲ್ಲ, ಮುಂದೆ ಮುಂದೆ ನಡೆದಳು. ಎರಡನೆಯ ದಿನ ನಾನು ಎಡವಿದ ಮೇಲೆ ಪಕ್ಕಕ್ಕೆ ಬಂದಳು.

ಈಗ ದಿನವೂ ಒಳ್ಳೆಯ ಕೈಯಿಂದ ನನ್ನ ಮೊಳಕೈ ಹಿಡಿದುಕೊಳ್ಳುತ್ತಾಳೆ. ಪಾಪ, ಬಿದ್ದ ಭಯ ಇನ್ನೂ ಹೋಗಿಲ್ಲ.

“ಮೇಷ್ಟ್ರೇ, ಎಡಕ್ಕೆ ಬನ್ನಿ, ಗುಂಡಿ.”

“ಕಾಣುತ್ತಮ್ಮ ನನಗೆ.”

“ಅದಲ್ಲ ಮೇಷ್ಟ್ರೇ, ಇದು.”

ಮಾತಾಡುತ್ತಾಳೆ. ಟ್ರಂಕ್ ಕಾಲ್ ಬಂದಾಗ ಮದ್ರಾಸಿನ ದನಿ ಹೇಗೆ, ಬೊಂಬಾಯಿಯ ದನಿ ಹೇಗೆ, ದೂರ ಹೆಚ್ಚಾದಷ್ಟೂ ಮನುಷ್ಯನ ದನಿ ಹೇಗೆ ತೆಳ್ಳಗಾಗುತ್ತದೆ ಎಂದೆಲ್ಲ. ಬೆಳಕೂ ಹಾಗೆಯೇ, ದೂರದ ಗ್ಯಾಲಕ್ಸಿಯ ಬೆಳಕು ಎಳೆದು ಎಳೆದು ಕೆಂಪಾಗುತ್ತದೆ ಎಂದೆ. ಯಾಕೆ ಕೆಂಪಾಗಬೇಕು ಎಂದು ನಿಂತು ಕೇಳಿದಳು. ನನ್ನ ಕಾಲೇಜಿನಲ್ಲಿ ಇಂಥ ಒಂದು ಪ್ರಶ್ನೆ ಕೇಳುವ ಹುಡುಗ ಹತ್ತು ವರ್ಷಕ್ಕೊಬ್ಬ ಸಿಗುತ್ತಿರಲಿಲ್ಲ. ಒಂದು ದಿನ ತಾರಸಿಗೆ ಬಾ ಎಂದಿದ್ದೇನೆ.

ಮೇ 26, ಬುಧವಾರ

ಮಧ್ಯಾಹ್ನದ ಮಳೆ ಹೊಗೆಯನ್ನೆಲ್ಲ ತೊಳೆದುಹಾಕಿತ್ತು. ಜಯಶೀಲಾ ಬಸ್ಸಿಳಿದವಳು ನೇರವಾಗಿ ತಾರಸಿಗೆ ಬಂದಳು. ಕನ್ಯಾರಾಶಿ ನೆತ್ತಿಯ ಹತ್ತಿರ. ದೂರದರ್ಶಕ ತಿರುಗಿಸಿ ನಾನು ಮೊದಲು ನೋಡಿದೆ. ಎರಡು ನಕ್ಷತ್ರ. ಮಿಕ್ಕಿದ್ದು ಹಾಲು.

“ನೋಡು. ಎಷ್ಟು ಕಾಣುತ್ತೆ ಹೇಳು.”

ಸ್ಟೂಲಿನ ಮೇಲೆ ನಿಂತು ನೋಡಿದಳು. “ಅಯ್ಯೋ, ಎಷ್ಟೊಂದಿದೆ!”

“ಎರಡು.”

“ಎರಡಲ್ಲ ಮೇಷ್ಟ್ರೇ. ದೊಡ್ಡದು ಎರಡು. ಆಮೇಲೆ ಸಣ್ಣದು ನಾಲ್ಕು. ಮತ್ತೆ ಮಧ್ಯದಲ್ಲಿ ಒಂದು, ಸೂಜಿ ಮೊನೆ ಥರ.”

ಹುಡುಗಾಟ ಎಂದುಕೊಂಡೆ. ಹೊಸಬರು ಹಾಗೆಯೇ, ಕಂಡದ್ದಕ್ಕೆ ನಾಲ್ಕು ಸೇರಿಸುತ್ತಾರೆ. ಕಾಗದ ಕೊಟ್ಟು, ಕಂಡದ್ದನ್ನು ಬರಿ ಎಂದೆ. ಒಂದು ಕೈಯಲ್ಲಿ ಕಾಗದ ಜಾರುತ್ತಿತ್ತು, ಅಮ್ಮಣ್ಣಿ ಹಿಡಿದುಕೊಂಡಳು. ಬರೆದು ಮುಗಿಸಿದ ಮೇಲೆ ಕೆಳಗೆ ಬಂದು, ಕಪಾಟಿನ ಬೀಗ ತೆಗೆದು, ಸೈನ್ಸ್ ಇನ್‌ಸ್ಟಿಟ್ಯೂಟಿನ ಲೈಬ್ರರಿಯಲ್ಲಿ ನಾನು ನಕಲು ಮಾಡಿಕೊಂಡಿದ್ದ ನಕ್ಷೆಯನ್ನು ಪಕ್ಕದಲ್ಲಿಟ್ಟು, ಭೂತಗನ್ನಡಿ ಹಿಡಿದು ನೋಡಿದೆ. ಅವಳು ಆ ನಕ್ಷೆಯನ್ನು ಮೊದಲೇ ಕಂಡಿರಲು ಸಾಧ್ಯವೇ ಇಲ್ಲ.

ಆರೂ ಚುಕ್ಕೆ ಕೂತಲ್ಲಿ ಕೂತಿದ್ದವು. ಏಳನೆಯದು, ಸೂಜಿ ಮೊನೆ, ಕ್ವಾಸಾರ್.

ಜಯಶೀಲಾ ಮೆಲ್ಲಗೆ ಕೇಳಿದಳು: “ಮೇಷ್ಟ್ರೇ, ನಿಮಗೆ ಇದು ಕಾಣ್ಸಲ್ವಾ?”

“ಮನೆಗೆ ಹೋಗು,” ಎಂದೆ.

ಜೂನ್ 1, ಮಂಗಳವಾರ

ಹತ್ತಂಗುಲದ ಗಾಜು ಉಜ್ಜಿದವನು ನಾನು. ಚರ್ಮ ಕಿತ್ತುಹೋಗಿ ಅನ್ನ ಕಲಸಲಾಗದೆ ಚಮಚದಲ್ಲಿ ತಿಂದವನು ನಾನು. ಲೈಬ್ರರಿಯಲ್ಲಿ ಕೂತು ನಕ್ಷೆ ಬರೆದವನು ನಾನು. ಬಸ್ಸಿಳಿದು ಬಂದು, ಮುರಿದ ಕೈಯಲ್ಲಿ ಸ್ಟೂಲು ಹತ್ತಿ, ಒಂದೇ ನೋಟಕ್ಕೆ ಅದನ್ನು ಕಂಡವಳು ಅವಳು!

ದೂರದರ್ಶಕಕ್ಕೆ ಗೋಣಿಚೀಲ ಸುತ್ತಿದೆ. ಬಸ್ ಸ್ಟಾಪಿಗೆ ಹೋಗಲಿಲ್ಲ. ಮೂರು ದಿನದಿಂದ ಅಮ್ಮಣ್ಣಿ ಹೋಗುತ್ತಿದ್ದಾಳೆ, ಟಾರ್ಚು ಹಿಡಿದು.

ಜುಲೈ 11, ಭಾನುವಾರ

ಕಿಟಕಿಯಿಂದ ಕಂಬ ನೋಡಿದೆ. ಎಡಗಣ್ಣು ಮುಚ್ಚಿ: ಕಂಬ ಇದೆ, ಅಂಚಿಲ್ಲ. ಬಲಗಣ್ಣು ಮುಚ್ಚಿ: ಒಂದು ನೆರಳು. ಎದುರುಮನೆಯ ಬಾಗಿಲಿನ ಬಣ್ಣ ಅಮ್ಮಣ್ಣಿಯನ್ನು ಕೇಳಿದೆ. ನೀಲಿಯಂತೆ. ನನಗೆ ಕಾಫಿಯ ಬಣ್ಣ.

ಬೆಳ್ಳಿಯಲ್ಲ. ಹೊಗೆಯಲ್ಲ. ದೀಪವಲ್ಲ.

ಭೌತಶಾಸ್ತ್ರದ ಮೇಷ್ಟ್ರು! ಉಪಕರಣದ ದೋಷ ಮೊದಲು ನೋಡಿರೋ ಎಂದು ಮೂವತ್ತು ವರ್ಷ ಕಿರುಚಿದವನು!

ಆಗಸ್ಟ್ 19, ಗುರುವಾರ

ಡಾಕ್ಟರು ಪೊರೆ ಎಂದರು, ಎರಡೂ ಕಣ್ಣಿಗೆ. ಎಡಗಣ್ಣಿನದು ಬೇಗ ಬಲಿಯುತ್ತದೆಯಂತೆ, ಚಳಿಗಾಲದಲ್ಲಿ ತೆಗೆಯುತ್ತಾರಂತೆ. ಹುಡುಗ, ನನ್ನ ಶಿಷ್ಯನಾಗಿರಬಹುದಾದ ವಯಸ್ಸು. “ಮನೇಲಿ ಇರೋರಿಗೆ ಏನವಸರ ಸಾರ್?” ಎಂದ. ಕ್ವಾಸಾರ್ ಎಂದರೇನೆಂದು ಅವನಿಗೆ ಹತ್ತು ನಿಮಿಷ ಪಾಠ ಮಾಡಿದೆ. ಹೊರಗೆ ರೋಗಿಗಳು ಗಲಾಟೆ ಮಾಡಿದರು.

ವಾಪಸು ಬರುತ್ತ ದೀಪದ ಕಚೇರಿಗೂ ಹೋದೆ. ನಾಲ್ಕು ತಿಂಗಳಾದರೂ ಒಂದು ಬಲ್ಬು ಹಾಕುವ ಯೋಗ್ಯತೆ ಇಲ್ಲವೆ ಎಂದು ಮೇಜು ಗುದ್ದಿದೆ. ಇದು ದೀಪದ ಮೇಲಿನ ಪ್ರೀತಿಯಲ್ಲ, ಉಡಾಫೆಯ ಮೇಲಿನ ಸಿಟ್ಟು. ಅಮ್ಮಣ್ಣಿ ಕರೆದಳೆಂದು ಜೊತೆಗೆ ಬಂದಿದ್ದ ಜಯಶೀಲಾ (ಕೈ ಕೂಡಿಕೊಂಡಿದೆ, ಮತ್ತೆ ವೈರಿನ ಕೆಲಸಕ್ಕೆ ಹಾಕಿದ್ದಾರೆ, ಇವತ್ತು ರಜೆ) ನನ್ನ ಕೈ ಹಿಡಿದು ಎಳೆಯುತ್ತಿದ್ದಳು.

“ದಿನಾ ಬಂದು ಹಾಕೋಕೆ ಆಳಿಲ್ಲ ಸಾರ್. ಬಲ್ಬ್ ಕೊಡ್ತೀವಿ, ಬೀಗದ ಕೈ ಬೀದಿಯೋರೇ ಇಟ್ಕೊಳ್ಳಿ,” ಎಂದರು. ಕೀ ನನಗೆ ಕೊಡಿ ಎಂದೆ. ಗುಮಾಸ್ತ ಹಳೆಯ ದೂರು ತೆಗೆದು ನೋಡಿ, “ಬಲ್ಬ್ ಒಡ್ದಿದ್ದು ನೀವೇ ಅಲ್ವಾ ಸಾರ್?” ಎಂದ.

ಕೀ ಈಗ ಮೀನಾಕ್ಷಮ್ಮನ ಸೊಂಟದಲ್ಲಿದೆ.

ಜನವರಿ 9, 1966, ಭಾನುವಾರ

ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಎಡಗಣ್ಣು ಆಯಿತು.

ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟು, ಅಲುಗಾಡಬೇಡ, ಕೆಮ್ಮಬೇಡ ಎಂದು ಮಲಗಿಸಿದ್ದರು. ಸಿಟ್ಟೂ ಮಾಡಬೇಡಿ ಎಂದಳು ದಾದಿ. ಅದೊಂದು ನನ್ನಿಂದ ಆಗಲಿಲ್ಲ. ಎರಡು ಕಣ್ಣಿಗೂ ಪಟ್ಟಿ. ಹಗಲು ಅಮ್ಮಣ್ಣಿ, ಸಂಜೆ ಜಯಶೀಲಾ. ಅವಳು ಪೇಪರು ಓದಿ ಹೇಳುತ್ತಿದ್ದಳು. ಒಂದು ದಿನ ಮೂರನೆಯ ದನಿ ಕೇಳಿಸಿತು. ಮೀನಾಕ್ಷಮ್ಮ. ಗಂಜಿ ತಂದಿದ್ದರು.

“ಸುಳ್ಳು ಹೇಳಿದ್ರಂತೆ?” ಎಂದರು.

“ಏನು ಸುಳ್ಳು?”

“ಅಮ್ಮಣ್ಣಿ ಎಲ್ಲಾ ಹೇಳಿದ್ರು. ದೋಟಿ ಸಮೇತ.”

ಪಟ್ಟಿ ಇಲ್ಲದಿದ್ದರೆ ಎದ್ದು ಕೂರುತ್ತಿದ್ದೆ. ಎಂಟು ತಿಂಗಳು ಬೀದಿಯವರೆಲ್ಲರ ಬೈಗುಳ ನುಂಗಿದ್ದೇನೆ. ಹಾಲಿನವನ ಮುಂದೆ ತಲೆ ತಗ್ಗಿಸಿದ್ದೇನೆ. ಇವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ನೀರುಪಾಲು ಮಾಡಿದಳು!

“ಅವಳನ್ನು ಏನೂ ಅನ್ನಬೇಡಮ್ಮ,” ಎಂದೆ.

“ಅಂದಾಯ್ತು. ಇಬ್ರೂ ಅತ್ತಿದ್ದೂ ಆಯ್ತು. ಬಾಯಿ ತೆಗೀರಿ, ಗಂಜಿ ಆರ್ತಿದೆ.”

ಉಪ್ಪು ಕಡಿಮೆ ಇತ್ತು. ಹ್ಞಾ, ಎದುರುಮನೆಯ ಬಾಗಿಲು ನೀಲಿಯೇ. ಇಂಥ ನೀಲಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕಣ್ಣಿನ ಮಸೂರ ತೆಗೆದವರಿಗೆ ನೀಲಿ ಹೆಚ್ಚು ಕಾಣುತ್ತದೆ ಎಂದು ಡಾಕ್ಟರು ಹುಡುಗ ಹೇಳಿದ. ಅದೊಂದಾದರೂ ಅವನಿಗೆ ಗೊತ್ತಿದೆ.

ಏಪ್ರಿಲ್ 18, 1966, ಸೋಮವಾರ

ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡರೆ ಮೆಟ್ಟಿಲು ಎದೆಗೆ ಬಡಿಯುವ ಹಾಗೆ ಎದ್ದು ಬರುತ್ತದೆ. ಅಮ್ಮಣ್ಣಿಯ ಭುಜ ಹಿಡಿದು ತಾರಸಿಗೆ ಹತ್ತಿದೆ. ಗೋಣಿಚೀಲ ಬಿಚ್ಚಿದೆವು. ಒಳಗೆ ಇಲಿ ಗೂಡು ಕಟ್ಟಿತ್ತು. ಬೈದುಕೊಂಡು ತೆಗೆದೆ.

ಬೀದಿಯ ದೀಪ ಉರಿಯುತ್ತಿತ್ತು, ನೇರ ಮುಖಕ್ಕೆ. ನೆರಳಿಗೆ ಕಂಬಳಿ ಕಟ್ಟಲು ಹೊರಟೆ. ನಿಲ್ಲಲಿಲ್ಲ. ಅಷ್ಟರಲ್ಲಿ ಕೆಳಗೆ ಜಯಶೀಲಾ ಬಸ್ಸಿಳಿದು ಬಂದ ಸದ್ದು, ಮೀನಾಕ್ಷಮ್ಮನ ದನಿ: “ಬಂದ್ಯಾ? ಮೇಲ್ಹೋಗು, ಕಾಯ್ತಿದಾರೆ.” ಕಂಬದ ಪೆಟ್ಟಿಗೆ ಕಿರ್ರೆಂದಿತು. ದೀಪ ಆರಿತು.

“ಮೇಷ್ಟ್ರೇ! ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ಬೀದಿಯೋರು ನನ್ನ ಬೈತಾರೆ!”

ಕನ್ನಡಕ ತೆಗೆದಿಟ್ಟೆ. ದೂರದರ್ಶಕಕ್ಕೆ ಅದು ಬೇಕಿಲ್ಲ, ತಿರುಪು ತಿರುಗಿಸಿದರೆ ಸಾಕು. ಕನ್ಯಾರಾಶಿ ಪೂರ್ವದಲ್ಲಿ ಅರ್ಧ ಏರಿತ್ತು. ಎಡಗಣ್ಣಿಟ್ಟು ಮೆಲ್ಲಗೆ ತಿರುಗಿಸಿದೆ. ಹರಡಿಕೊಂಡಿದ್ದ ಬೆಳಕು ಕುಗ್ಗಿ ಕುಗ್ಗಿ ನಕ್ಷತ್ರಗಳಾದವು. ದೊಡ್ಡದು ಎರಡು. ಸಣ್ಣದು ನಾಲ್ಕು. ಮಧ್ಯದಲ್ಲಿ ಒಂದು.

ಕಂಡಿತು.

ಏನೂ ಇಲ್ಲ ಅದರಲ್ಲಿ. ಗೊತ್ತಿಲ್ಲದವನು ದಾಟಿಕೊಂಡು ಹೋಗುವಂಥ ಚುಕ್ಕೆ. ಇಷ್ಟಕ್ಕೆ ಇಷ್ಟೆಲ್ಲವೇ ಎಂದು ರೇಗಬೇಕಿತ್ತು. ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲದಾಗ ಹೊರಟ ಬೆಳಕು, ಗ್ಯಾಲಕ್ಸಿಗಳನ್ನೆಲ್ಲ ದಾಟಿ ಬಂದು, ಹೊಲಿಗೆ ಹಾಕಿದ ನನ್ನ ಮುದಿಗಣ್ಣಿನೊಳಗೆ ಬಿತ್ತು.

“ನೀಲಿ,” ಎಂದೆ.

ಜಯಶೀಲಾ ನೋಡಿದಳು. “ಬಿಳಿ ಮೇಷ್ಟ್ರೇ.”

“ನೀಲಿ ಕಣೇ. ಸರಿಯಾಗಿ ನೋಡು.”

“ಬಿಳೀನೇ!”

ಜಗಳವಾಡಿದೆವು. ಅಮ್ಮಣ್ಣಿ ಸ್ಟೂಲಿನ ಪಕ್ಕ ಕಂಬಳಿ ಮಡಿಸುತ್ತ ನಿಂತಿದ್ದಳು. ಅವಳ ಕೈಯಿಂದ ಕಂಬಳಿ ತೆಗೆದುಕೊಂಡು, “ನೀನು ನೋಡಿ ಹೇಳು,” ಎಂದೆ.

“ನಾನಾ? ನಂಗೇನು ತಿಳಿಯುತ್ತೆ?”

“ಹತ್ತು. ಕೈ ಹಿಡ್ಕೊಂಡಿದೀನಿ.”

ಹತ್ತಿದಳು. ಮೊದಲು ತಪ್ಪು ಕಣ್ಣು ಮುಚ್ಚಿಕೊಂಡಳು, ಆಮೇಲೆ ಸರಿ ಮಾಡಿಕೊಂಡಳು. ಕಣ್ಣು ತೆಗೆಯಲೇ ಇಲ್ಲ. ಉಸಿರು ಹಿಡಿದಿದ್ದಳೆಂದು ಕಾಣುತ್ತದೆ, ಅವಳ ಬಳೆಯೂ ಸದ್ದು ಮಾಡಲಿಲ್ಲ.

ಕೆಳಗಿನಿಂದ ಮೀನಾಕ್ಷಮ್ಮ ಕೂಗಿದರು: “ಆಯ್ತಾ ಮೇಷ್ಟ್ರೇ? ಹಾಕ್ಲಾ?”

“ಇನ್ನೊಂದು ಸ್ವಲ್ಪ ಹೊತ್ತು ತಾಳಿ,” ಎಂದೆ. “ಅಮ್ಮಣ್ಣಿ ನೋಡ್ತಿದ್ದಾಳೆ.”